ಹಳೆ ಲ್ಯಾಂಡ್‌ಲೈನ್ ಬಾಡಿಗೆ ಉಳಿಸಿ: ಫೈಬರ್ ಡಬ್ಬಿಗೇ ಮನೆಯ ಫೋನ್ ಜೋಡಿಸುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಊರುಗಳಲ್ಲಿ ಇನ್ನೂ ಎಷ್ಟೋ ಮನೆಗಳಿಗೆ ತಿಂಗಳಿಗೆ ಎರಡು ಬಿಲ್ ಬರುತ್ತವೆ. ಒಂದು ತಾಮ್ರದ ತಂತಿಯ ಹಳೆ ಫೋನಿನದು, ಇನ್ನೊಂದು ಫೈಬರ್ ಇಂಟರ್ನೆಟ್ಟಿನದು. ಎರಡನೆಯದರಲ್ಲೇ ಫೋನೂ ಸೇರಿರುತ್ತದೆ ಎನ್ನುವುದು ಹಲವರ ಗಮನಕ್ಕೆ ಬಂದಿರುವುದಿಲ್ಲ. ಫೈಬರ್ ಕಂಪನಿಯವರು ಗೋಡೆಗೆ ಹೊಡೆದ ಬಿಳಿ ಡಬ್ಬಿಯ ಹಿಂದೆ ‘ಫೋನ್’, ‘ಟೆಲ್’ ಅಥವಾ ‘ಪಾಟ್ಸ್’ ಎಂದು ಬರೆದ ಸಣ್ಣ ಕಿಂಡಿ ಇದೆಯೇ ನೋಡಿ. ಇದ್ದು, ಅದು ಖಾಲಿ ಬಿದ್ದಿದ್ದರೆ ನೀವು ಒಂದೇ ಸೇವೆಗೆ ಎರಡು ಕಡೆ ದುಡ್ಡು ಕಟ್ಟುತ್ತಿರಬಹುದು.

ದೇಶದೊಳಗಿನ ಕರೆಗಳಿಗೆ ಈಗ ಹೆಚ್ಚಿನ ಖರ್ಚಿಲ್ಲ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಕರೆ ಹೋದಾಗ ಕೊಡಬೇಕಿದ್ದ ಸಂಪರ್ಕ ಶುಲ್ಕ 2021ರ ಜನವರಿ 1ರಿಂದ ಇಲ್ಲವಾಗಿದೆ. ಆದ್ದರಿಂದ ಉಳಿತಾಯ ಆಗುವುದು ನಿಮಿಷಗಳಲ್ಲಿ ಅಲ್ಲ, ತಿಂಗಳ ಬಾಡಿಗೆಯಲ್ಲಿ. ಕರೆಂಟ್ ಹೋದರೆ ಫೈಬರ್ ಫೋನೂ ನಿಲ್ಲುವುದರಿಂದ, ಹಾಗೆ ಉಳಿದ ದುಡ್ಡಿನಲ್ಲಿ ಒಂದು ಪಾಲನ್ನು ಕರೆಂಟಿನ ಬಂದೋಬಸ್ತಿಗೆ ತೆಗೆದಿಡಬೇಕು. ಇದನ್ನು ಮಾಡದೆ ಹಳೆ ಲೈನ್ ತೆಗೆಸಿದವರೇ ಆಮೇಲೆ ಇಂಟರ್ನೆಟ್ ಫೋನನ್ನು ಬೈಯುವುದು.

ಮೊದಲು ಬಿಲ್ ಓದಿ

ಹಳೆ ಫೋನಿನ ಕೊನೆಯ ಮೂರು ಬಿಲ್ ತೆಗೆದಿಟ್ಟುಕೊಳ್ಳಿ. ನೋಡಬೇಕಾದದ್ದು ಮೂರೇ ಸಾಲು: ತಿಂಗಳ ಬಾಡಿಗೆ, ಕರೆ ಶುಲ್ಕ, ಜಿಎಸ್‌ಟಿ. ಬಾಡಿಗೆ 200 ರೂಪಾಯಿ ಇದ್ದರೆ 18% ಜಿಎಸ್‌ಟಿ ಸೇರಿ 236, ವರ್ಷಕ್ಕೆ 2,832 ರೂಪಾಯಿ. ಕರೆ ಶುಲ್ಕದ ಸಾಲಿನಲ್ಲಿ ಸೊನ್ನೆಯೋ ಹತ್ತಿಪ್ಪತ್ತು ರೂಪಾಯಿಯೋ ಇದ್ದರೆ ಆ ಫೋನು ಬರೀ ಕರೆ ಸ್ವೀಕರಿಸಲಿಕ್ಕೆ ಇದೆ ಎಂದರ್ಥ. ಆಗ ಉಳಿಸಿಕೊಳ್ಳಬೇಕಾದದ್ದು ನಂಬರ್ ಮಾತ್ರ.

ಫೈಬರ್ ಪ್ಲಾನುಗಳ ಬೆಲೆಯನ್ನು ಜಾಹೀರಾತಿನಲ್ಲಿ ಜಿಎಸ್‌ಟಿ ಬಿಟ್ಟು ಬರೆದಿರುತ್ತಾರೆ. 399 ಎಂದಿದ್ದರೆ ನೀವು ಕೊಡುವುದು 470 ರೂಪಾಯಿ 82 ಪೈಸೆ. ಹೋಲಿಸುವಾಗ ಎರಡೂ ಕಡೆ ತೆರಿಗೆ ಸೇರಿಸಿಯೇ ಹೋಲಿಸಿ. ಪ್ಲಾನಿನ ವಿವರದಲ್ಲಿ ‘ಅನ್‌ಲಿಮಿಟೆಡ್ ವಾಯ್ಸ್’ ಎಂದು ಇದೆಯೇ, ಅದರಲ್ಲಿ ಎಸ್‌ಟಿಡಿ ಮತ್ತು ಮೊಬೈಲ್ ಕರೆ ಎರಡೂ ಸೇರಿವೆಯೇ ಎಂದು ಕೇಳಿ. ಫೋನ್ ಉಪಕರಣ ಅವರು ಕೊಡುವುದಿಲ್ಲ, ನಿಮ್ಮದೇ ಬೇಕು.

ಮನೆಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇದ್ದು, ಮನೆ ನಂಬರಿಗೆ ಯಾರೂ ಕರೆ ಮಾಡುತ್ತಿಲ್ಲ ಎಂದಾದರೆ ಲ್ಯಾಂಡ್‌ಲೈನನ್ನೇ ಬಿಡುವುದು ಎಲ್ಲಕ್ಕಿಂತ ಅಗ್ಗ. ದವಾಖಾನೆ, ಔಷಧಿ ಅಂಗಡಿ, ವಕೀಲರ ಕಚೇರಿ, ವಯಸ್ಸಾದ ತಂದೆ-ತಾಯಿ ಇಬ್ಬರೇ ಇರುವ ಮನೆ, ಇಂಥ ಕಡೆ ಲ್ಯಾಂಡ್‌ಲೈನ್ ನಂಬರಿಗೆ ಬೆಲೆ ಇದೆ. ಸಿಮ್ ಹಾಕುವ ಮೇಜಿನ ಫೋನೂ ಸಿಗುತ್ತದೆ. ಆದರೆ ಅದಕ್ಕೆ ತಿಂಗಳ ರೀಚಾರ್ಜ್ ಬೇಕಾದ್ದರಿಂದ ಉಳಿತಾಯ ಕರಗಿಹೋಗುತ್ತದೆ.

ನಂಬರ್ ಉಳಿಯುತ್ತದೆಯೇ?

ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯಬಹುದು, ಲ್ಯಾಂಡ್‌ಲೈನ್ ನಂಬರನ್ನು ಹಾಗೆ ಒಯ್ಯಲು ನಮ್ಮಲ್ಲಿ ವ್ಯವಸ್ಥೆ ಇಲ್ಲ. ಬಿಎಸ್‌ಎನ್‌ಎಲ್ ತಾಮ್ರದ ಲೈನಿನಿಂದ ಖಾಸಗಿ ಫೈಬರಿಗೆ ಹೋದರೆ ಹೊಸ ನಂಬರೇ ಬರುತ್ತದೆ. ಕಲಬುರಗಿಗೆ 08472, ಬೀದರಿಗೆ 08482, ಯಾದಗಿರಿಗೆ 08473 ಎಂಬ ಎಸ್‌ಟಿಡಿ ಕೋಡ್ ಬದಲಾಗದು, ಮುಂದಿನ ಅಂಕಿಗಳು ಬದಲಾಗುತ್ತವೆ.

ಹಳೆ ನಂಬರೇ ಬೇಕು ಎನ್ನುವವರು ಬಿಎಸ್‌ಎನ್‌ಎಲ್ ಫೈಬರನ್ನೇ ಹಿಡಿದು, ಅರ್ಜಿಯಲ್ಲಿ ‘ಇದೇ ನಂಬರನ್ನು ಫೈಬರಿಗೆ ಪರಿವರ್ತಿಸಿ’ ಎಂದು ಬರೆಯಬೇಕು. ‘ಹಳೆ ಲೈನ್ ಬಂದ್ ಮಾಡಿ, ಹೊಸದು ಕೊಡಿ’ ಎಂದು ಬರೆದರೆ ನಂಬರ್ ಕೈತಪ್ಪುತ್ತದೆ. ಹಳೆ ಬಾಕಿ ಇದ್ದರೆ ಮೊದಲೇ ಕಟ್ಟಿಬಿಡಿ, ಪರಿವರ್ತನೆ ಅಲ್ಲೇ ಸಿಕ್ಕಿಕೊಳ್ಳುವುದು ಹೆಚ್ಚು.

ಯಾರ ಫೈಬರ್?

ವೇಗದ ಅಂಕಿ ನೋಡಿ ಆರಿಸಬೇಡಿ. ಒಂದು ಕರೆಗೆ ಅತಿ ಹೆಚ್ಚೆಂದರೆ ಸೆಕೆಂಡಿಗೆ ಹೋಗುವ ಕಡೆ 87, ಬರುವ ಕಡೆ 87 ಕಿಲೊಬಿಟ್ ಸಾಕು; ಗಂಟೆಗಟ್ಟಲೆ ಮಾತಾಡಿದರೂ ಗಂಟೆಗೆ 80 ಎಂಬಿ ಸುತ್ತಮುತ್ತ. 30 ಎಂಬಿಪಿಎಸ್ ಪ್ಲಾನಿಗೆ ಇದು ಲೆಕ್ಕಕ್ಕೇ ಇಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ.

ಮೊದಲನೆಯದು: ನಿಮ್ಮ ಓಣಿಯಲ್ಲಿ ಕೇಬಲ್ ಹರಿದರೆ ಜೋಡಿಸಲು ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ? ಕಂಪನಿಯ ಹೆಸರು ದೊಡ್ಡದಿದ್ದರೂ ಕೆಲಸ ಮಾಡುವವರು ಸ್ಥಳೀಯ ಕೇಬಲ್‌ನವರೇ ಇರುತ್ತಾರೆ. ಅದೇ ಓಣಿಯ ಎರಡು ಮನೆ ವಿಚಾರಿಸಿದರೆ ಉತ್ತರ ಸಿಗುತ್ತದೆ.

ಎರಡನೆಯದನ್ನು ಕೇಳುವವರೇ ಇಲ್ಲ, ಅದಕ್ಕೇ ಒತ್ತಿ ಹೇಳುತ್ತೇವೆ: ಎಕ್ಸ್‌ಚೇಂಜ್‌ನಿಂದ ನಿಮ್ಮ ಮನೆಯವರೆಗಿನ ದಾರಿಯಲ್ಲಿ ಕರೆಂಟ್ ಬೇಕಾಗುವ ಡಬ್ಬಿ ಇದೆಯೇ? ಜಿಪಾನ್ ಎಂಬ ಫೈಬರ್ ಪದ್ಧತಿಯಲ್ಲಿ ಕಂಬದ ಮೇಲೆ ಇರುವುದು ಬೆಳಕನ್ನು ಹಲವು ಮನೆಗೆ ಹಂಚುವ ಬರೀ ಗಾಜಿನ ಸ್ಪ್ಲಿಟರ್, ಅದಕ್ಕೆ ಕರೆಂಟ್ ಬೇಕಿಲ್ಲ. ಕೆಲವು ಸ್ಥಳೀಯ ಜಾಲಗಳಲ್ಲಿ ನಾಲ್ಕು ಮನೆ ಆಚೆ ಯಾರದೋ ಮಾಳಿಗೆಯ ಮೇಲೆ ಸ್ವಿಚ್ ಡಬ್ಬಿ ಇಟ್ಟು, ಅವರ ಮನೆಯ ಕರೆಂಟನ್ನೇ ಕೊಟ್ಟಿರುತ್ತಾರೆ. ಓಣಿಯ ಕರೆಂಟ್ ಹೋದ ಕ್ಷಣ ಅದು ಸಾಯುತ್ತದೆ. ನಿಮ್ಮ ಮನೆಯಲ್ಲಿ ಎಂಥ ಇನ್ವರ್ಟರ್ ಇದ್ದರೂ ಫೋನ್ ಸತ್ತೇ ಇರುತ್ತದೆ. ಪರೀಕ್ಷೆ ಸುಲಭ: ಮನೆಗೆ ಬಂದಿರುವುದು ತೆಳು ಗಾಜಿನ ಎಳೆಯೋ, ದಪ್ಪ ನೀಲಿ-ಬೂದು ಇಂಟರ್ನೆಟ್ ಕೇಬಲ್ಲೋ ನೋಡಿ. ದಪ್ಪ ಕೇಬಲ್ ಆಗಿದ್ದರೆ ಹತ್ತಿರದಲ್ಲೇ ಎಲ್ಲೋ ಕರೆಂಟಿನ ಡಬ್ಬಿ ಇದ್ದೇ ಇರುತ್ತದೆ.

ಜೋಡಿಸುವ ಕೆಲಸ

ಬೇಕಾದ ಸಾಮಾನು ಕಡಿಮೆ: ಬಟನ್ ಫೋನ್ ಒಂದು, ಎರಡೂ ತುದಿಗೆ ಆರ್‌ಜೆ-11 ಪಿನ್ ಇರುವ ಟೆಲಿಫೋನ್ ವೈರ್ ಒಂದು, ಸಣ್ಣ ಸ್ಕ್ರೂಡ್ರೈವರ್. ತಿರುಗಿಸಿ ಡಯಲ್ ಮಾಡುವ ಹಳೆ ಫೋನು ಈ ಡಬ್ಬಿಗಳಲ್ಲಿ ಸಾಮಾನ್ಯವಾಗಿ ರಿಂಗ್ ಆಗುತ್ತದೆ, ಆದರೆ ಅದರಿಂದ ಹೊರಗೆ ಕರೆ ಹೋಗುವುದಿಲ್ಲ. ಬಟನ್ ಫೋನಿನಲ್ಲೂ ಪಕ್ಕಕ್ಕೆ ‘ಪಲ್ಸ್–ಟೋನ್’ ಎಂಬ ಸ್ವಿಚ್ ಇದ್ದರೆ ಅದನ್ನು ಟೋನ್‌ಗೆ ತಳ್ಳಿ.

ಮೊದಲು ಫೋನನ್ನು ನೇರವಾಗಿ ಡಬ್ಬಿಯ ಫೋನ್ ಕಿಂಡಿಗೆ ಹಾಕಿ ನೋಡಿ. ಫೋನ್ ದೀಪ ಸ್ಥಿರವಾಗಿ ಹತ್ತಿ, ರಿಸೀವರ್ ಎತ್ತಿದಾಗ ಡಯಲ್ ಟೋನ್ ಬಂದರೆ ಲೈನ್ ಸಿದ್ಧ. ದೀಪ ಹತ್ತದಿದ್ದರೆ ವಾಯ್ಸ್ ಸೇವೆ ಇನ್ನೂ ಚಾಲೂ ಆಗಿಲ್ಲ ಎಂದರ್ಥ. ಇದು ಕಂಪನಿ ಕಡೆಯಿಂದ ಆಗಬೇಕಾದ ಕೆಲಸ, ಡಬ್ಬಿಯನ್ನು ಹತ್ತು ಸಲ ಆಫ್-ಆನ್ ಮಾಡಿ ಪ್ರಯೋಜನವಿಲ್ಲ.

ಹೊರಗೆ ಕರೆ ಮಾಡುವಾಗ ಮೊಬೈಲ್ ನಂಬರಿಗೆ ಮುಂದೆ ಸೊನ್ನೆ ಹಚ್ಚಬೇಕು. 2021ರ ಜನವರಿ 15ರಿಂದ ಎಲ್ಲ ಲ್ಯಾಂಡ್‌ಲೈನಿಗೂ ಈ ನಿಯಮ. ಹಿರಿಯರಿಗಾಗಿ ಮೆಮೊರಿ ಬಟನ್‌ನಲ್ಲಿ ಮಕ್ಕಳ ನಂಬರ್ ಹಾಕುವಾಗಲೂ ಸೊನ್ನೆ ಸೇರಿಸಿ.

ಮನೆಯಲ್ಲಿ ಹಳೆ ಲೈನಿಗಾಗಿ ಹಾಲ್, ಮೇಲಂತಸ್ತು ಎಂದು ಗೋಡೆಯೊಳಗೆ ತಂತಿ ಎಳೆದಿದ್ದರೆ ಅದನ್ನೇ ಬಳಸಬಹುದು. ಆದರೆ ಇಲ್ಲೊಂದು ಅಪಾಯ. ಎಕ್ಸ್‌ಚೇಂಜ್‌ನಿಂದ ಬರುವ ತಾಮ್ರದ ಜೋಡಿಯಲ್ಲಿ 48 ವೋಲ್ಟ್ ಡಿಸಿ ಇರುತ್ತದೆ, ರಿಂಗ್ ಬಂದಾಗ 75 ವೋಲ್ಟಿನ ಆಸುಪಾಸು ಎಸಿ. ಡಬ್ಬಿಯ ಫೋನ್ ಕಿಂಡಿಯೂ ತನ್ನ ಕಡೆಯಿಂದ ವೋಲ್ಟೇಜ್ ಕೊಡುವಂಥದ್ದೇ. ಇವೆರಡೂ ಒಂದೇ ತಂತಿಯಲ್ಲಿ ಎದುರುಬದುರಾದರೆ ಡಬ್ಬಿಯ ವಾಯ್ಸ್ ಭಾಗ ಸುಡುತ್ತದೆ. ಇಂಟರ್ನೆಟ್ ನಡೆಯುತ್ತಲೇ ಇದ್ದು ಫೋನ್ ಮಾತ್ರ ಸತ್ತರೆ ಈ ಕಾರಣವನ್ನೂ ನೆನೆಯಿರಿ. ಹಾಗಾಗಿ ಕ್ರಮ ಹೀಗೆ: ಹೊರಗಿನ ಜೋಡಿ ಮನೆಯೊಳಗೆ ಬರುವ ಮೊದಲ ರೋಸೆಟ್ (ಗೋಡೆಯ ಮೇಲೆ ಫೋನ್ ತಂತಿ ಜೋಡಿಸುವ ಸಣ್ಣ ಪೆಟ್ಟಿಗೆ) ಬಿಚ್ಚಿ, ಹೊರಗಿನ ಎರಡು ಎಳೆಗಳನ್ನು ಸಡಿಲಿಸಿ, ಬೇರೆ ಬೇರೆಯಾಗಿ ಇನ್ಸುಲೇಶನ್ ಟೇಪ್ ಸುತ್ತಿ ಪಕ್ಕಕ್ಕೆ ಮಡಚಿಡಿ. ಮನೆಯೊಳಗಿನ ಯಾವ ಸಾಕೆಟ್ಟಿನಲ್ಲೂ ಟೋನ್ ಬರುತ್ತಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಡಬ್ಬಿಯಿಂದ ಹೊರಟ ವೈರನ್ನು ಹತ್ತಿರದ ಸಾಕೆಟ್ಟಿಗೆ ಸೇರಿಸಿ. ಬೇಕಾದದ್ದು ಪಿನ್ನಿನ ನಡುವಿನ ಎರಡು ಎಳೆ ಮಾತ್ರ. ಈಗ ಎಲ್ಲ ಸಾಕೆಟ್ಟಿಗೂ ಹೊಸ ಲೈನ್ ಬರುತ್ತದೆ.

ಒಂದು ಕಿಂಡಿಗೆ ಎರಡು, ಹೆಚ್ಚೆಂದರೆ ಮೂರು ಫೋನ್. ಅದಕ್ಕಿಂತ ಹೆಚ್ಚಾದರೆ ರಿಂಗ್ ಕ್ಷೀಣಿಸುತ್ತದೆ, ಅಥವಾ ಬರುವುದೇ ಇಲ್ಲ. ಹೆಚ್ಚು ಕೋಣೆಗಳಿಗೆ ಬೇಕಾದರೆ ಒಂದು ಬೇಸಿಗೆ ಹಲವು ಹ್ಯಾಂಡ್‌ಸೆಟ್ ಇರುವ ಕಾರ್ಡ್‌ಲೆಸ್ ತರಿಸಿ. ಪಕ್ಕದ ಕಟ್ಟಡಕ್ಕೆ, ಹೊಲದ ಮನೆಗೆ ಈ ತಂತಿಯನ್ನು ಬಯಲಲ್ಲಿ ಎಳೆಯಬೇಡಿ. ಮುಂಗಾರಿನ ಮೊದಲ ಸಿಡಿಲಿಗೆ ಡಬ್ಬಿ ಹೋಗುತ್ತದೆ.

ಸಿಡಿಲಿನ ಮಾತು ಬಂತು. ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲ್ಲಿನಲ್ಲಿ ಗಟ್ಟಿತನಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗೋಡೆಯ ಕೊಕ್ಕೆಗೇ ನಿಲ್ಲಿಸಿ, ಒಳಗೆ ಬರೀ ಗಾಜಿನ ಎಳೆ ಬರುವಂತೆ ಮಾಡಿಸಿ. ಗಡಿಬಿಡಿಯಲ್ಲಿರುವ ಹುಡುಗರು ಉಕ್ಕಿನ ತಂತಿ ಸಮೇತ ಒಳಗೆ ಎಳೆದು ಹೋಗುತ್ತಾರೆ, ನಿಂತು ನೋಡಿ. ಎಳೆಯನ್ನು ಮೂಲೆಯಲ್ಲಿ ಚೂಪಾಗಿ ಮಡಚಿಸಬೇಡಿ, ತಿರುವು ಕನಿಷ್ಠ 3 ಸೆಂಟಿಮೀಟರ್ ತ್ರಿಜ್ಯ ಇರಲಿ. ಹಸಿರು ಕನೆಕ್ಟರ್ ಹಸಿರಿಗೆ, ನೀಲಿ ನೀಲಿಗೆ. ಎರಡರ ಮೊನೆ ಕಡಿದ ಕೋನ ಬೇರೆ, ಅದಲು ಬದಲಾದರೆ ಬೆಳಕು ಸೋರುತ್ತದೆ.

ಕರೆಂಟ್ ಹೋದರೆ

‘ಕರೆಂಟ್ ಹೋದ್ರ ಫೋನೂ ಬಂದ್ ಆಗ್ತದೇನ್ರಿ?’ ಎಂದು ಕೇಳಿದವರಿಗೆ ಉತ್ತರ: ಹೌದು, ನೀವೇನೂ ಮಾಡದಿದ್ದರೆ. ಹಳೆ ಫೋನಿಗೆ ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದ ಕರೆಂಟ್ ತಂತಿಯಲ್ಲೇ ಬರುತ್ತಿತ್ತು. ಗಾಜಿನ ಎಳೆಯಲ್ಲಿ ಕರೆಂಟ್ ಬರುವುದಿಲ್ಲ. ಜೆಸ್ಕಾಂ ಲೈನ್ ಹೋದಾಗ ಡಬ್ಬಿಯನ್ನು ಬದುಕಿಸುವುದು ನಿಮ್ಮ ಜವಾಬ್ದಾರಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಡಬ್ಬಿಯ ಪ್ಲಗ್ ಇನ್ವರ್ಟರ್ ಲೈನಿನ ಮೇಲಿದೆಯೇ ನೋಡಿ. ಇನ್ವರ್ಟರಿನ ಹಿಂದೆ ಅಥವಾ ಮುಂದೆ ‘ಯುಪಿಎಸ್’ ಮತ್ತು ‘ನಾರ್ಮಲ್’ ಎಂಬ ಆಯ್ಕೆ ಇರುತ್ತದೆ. ಅದನ್ನು ಯುಪಿಎಸ್‌ಗೆ ಇಡಿ. ನಾರ್ಮಲ್‌ನಲ್ಲಿ ಬದಲಾವಣೆ ನಿಧಾನವಾಗಿ, ಪ್ರತಿ ಸಲವೂ ಡಬ್ಬಿ ಹೊಸದಾಗಿ ಬೂಟ್ ಆಗುತ್ತದೆ. ಅದಕ್ಕೆ ಎರಡು-ಮೂರು ನಿಮಿಷ, ಅಷ್ಟರಲ್ಲಿ ನಡೆಯುತ್ತಿದ್ದ ಕರೆ ಹೋಗಿರುತ್ತದೆ.

ಇನ್ವರ್ಟರ್ ಇಲ್ಲದವರಿಗೆ 12 ವೋಲ್ಟ್ ಡಿಸಿ ಮಿನಿ ಯುಪಿಎಸ್ ಸಾಕು. ಕೊಳ್ಳುವಾಗ ಡಬ್ಬಿಯ ಅಡಾಪ್ಟರ್ ಜೊತೆಗೆ ಒಯ್ಯಿರಿ. ಅದರ ಮೇಲೆ ಬರೆದ ಔಟ್‌ಪುಟ್ (12 ವೋಲ್ಟ್ 1 ಆಂಪ್, 1.5 ಆಂಪ್, ಕೆಲವು ರೂಟರಿಗೆ 9 ವೋಲ್ಟ್) ಹೊಂದಬೇಕು. ಪಿನ್ನಿನ ಹೊರ ಅಳತೆ 5.5 ಮಿಮೀ, ಒಳತೂತು 2.1 ಅಥವಾ 2.5. ಒಳತೂತು ತಪ್ಪಿದರೆ ಪಿನ್ ಸಡಿಲವಾಗಿ ಡಬ್ಬಿ ಆಗಾಗ ಆಫ್ ಆಗುತ್ತದೆ, ಕಾರಣ ಮಾತ್ರ ಬೇಗ ತಿಳಿಯುವುದಿಲ್ಲ. 9 ವೋಲ್ಟಿನ ರೂಟರಿಗೆ 12 ವೋಲ್ಟ್ ಕೊಡಬೇಡಿ.

ಬ್ಯಾಟರಿಯ ಮೇಲಿನ ಅಂಕಿ ನೋಡಿ ಮರುಳಾಗದಿರಿ. 10,400 ಎಂಎಎಚ್ ಎಂದು ಬರೆದಿರುವುದು 3.7 ವೋಲ್ಟಿನ ಲೆಕ್ಕ, ಅಂದರೆ 38.5 ವ್ಯಾಟ್-ಅವರ್. 12 ವೋಲ್ಟಿಗೆ ಏರಿಸುವಾಗ ಸ್ವಲ್ಪ ಸೋರಿ ಕೈಗೆ ಸಿಗುವುದು 31ರ ಸುತ್ತ. ವೈಫೈ ಸಹಿತ ಒಂದೇ ಡಬ್ಬಿ 8 ವ್ಯಾಟ್ ಎಳೆದರೆ ಸುಮಾರು ನಾಲ್ಕು ಗಂಟೆ, ಬೇರೆ ರೂಟರೂ ಸೇರಿ 12 ವ್ಯಾಟ್ ಆದರೆ ಎರಡೂವರೆ ಗಂಟೆ. ಮೇ ತಿಂಗಳ 42-43 ಡಿಗ್ರಿಯಲ್ಲಿ ತಗಡಿನ ಮಾಡಿನ ಕೆಳಗೆ, ಅಲ್ಮಾರಿಯ ಮೇಲೆ ಇಟ್ಟರೆ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ. ನೆಲದಿಂದ ಮೊಳದೆತ್ತರದಲ್ಲಿ, ಗಾಳಿ ಆಡುವ ಜಾಗದಲ್ಲಿಡಿ. ಕಾರ್ಡ್‌ಲೆಸ್ ಫೋನಿನ ಬೇಸಿಗೂ ಕರೆಂಟ್ ಬೇಕು ಎನ್ನುವುದು ನೆನಪಿರಲಿ. ಕರೆಂಟ್ ಹೋದಾಗಿನ ಬಳಕೆಗೆ ತಂತಿಯ ಫೋನೊಂದು ಇರಲೇಬೇಕು.

112ಕ್ಕೆ ಈ ಲ್ಯಾಂಡ್‌ಲೈನಿನಿಂದ ಕರೆ ಹೋಗುತ್ತದೆ. ವಾಟ್ಸ್‌ಆ್ಯಪ್‌ನಂಥ ಆ್ಯಪ್‌ಗಳಿಂದ ಹೋಗುವುದಿಲ್ಲ. ಒಂದು ಚಾರ್ಜ್ ಇರುವ ಮೊಬೈಲ್ ಮನೆಯಲ್ಲಿ ಇದ್ದೇ ಇರಲಿ.

ಫರ್ಸಿಗೋಡೆ ಮತ್ತು ವೈಫೈ

ಫೋನನ್ನು ಡಬ್ಬಿಗೆ ತಂತಿಯಿಂದ ಜೋಡಿಸಿದವರಿಗೆ ವೈಫೈ ಚಿಂತೆಯಿಲ್ಲ. ಮೊಬೈಲಿನಲ್ಲಿ ವೈಫೈ ಕಾಲಿಂಗ್ ಅಥವಾ ಮನೆ ನಂಬರಿನ ಆ್ಯಪ್ ಬಳಸುವವರಿಗೆ ಇದೆ. ಶಹಾಬಾದ್ ಕಲ್ಲಿನ ದಪ್ಪ ಗೋಡೆ, ಬೀದರಿನ ಕೆಂಪು ಜಂಬಿಟ್ಟಿಗೆ ಗೋಡೆ ದಾಟುವಾಗ 5 ಗಿಗಾಹರ್ಟ್ಸ್ ಸಿಗ್ನಲ್ ಬಹಳ ಬೇಗ ಸೋಲುತ್ತದೆ. ಕರೆಗೆ ವೇಗ ಬೇಡ, ನಿರಂತರತೆ ಬೇಕು. ಆದ್ದರಿಂದ ಆ ಮೊಬೈಲನ್ನು 2.4 ಗಿಗಾಹರ್ಟ್ಸ್ ವೈಫೈ ಹೆಸರಿಗೇ ಜೋಡಿಸಿ. ಎರಡು ಗೋಡೆ ಆಚೆಗೆ ಬೇಕಾದರೆ ರಿಪೀಟರ್ ಕೊಳ್ಳುವ ಬದಲು ಕ್ಯಾಟ್-6 ಕೇಬಲ್ ಎಳೆದು ಇನ್ನೊಂದು ಹಳೆ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ ಇಡುವುದೇ ಮೇಲು.

ಅದೇ ಕಲ್ಲುಗೋಡೆಯಿಂದಾಗಿ ಒಳಕೋಣೆಯಲ್ಲಿ ಮೊಬೈಲ್ ಸಿಗ್ನಲ್ ಸಿಗದವರಿಗೆ ವೈಫೈ ಕಾಲಿಂಗ್ ಪುಕ್ಕಟೆ ಪರಿಹಾರ. ಏರ್‌ಟೆಲ್ ಇದನ್ನು 2019ರ ಡಿಸೆಂಬರಿನಲ್ಲಿ, ಜಿಯೊ 2020ರ ಜನವರಿಯಲ್ಲಿ ಶುರು ಮಾಡಿದವು. ಸಿಮ್ ಸೆಟ್ಟಿಂಗಿನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿದರೆ ಮುಗಿಯಿತು. ನಂಬರ್ ಅದೇ, ಕರೆ ನಿಮ್ಮ ಈಗಿನ ಪ್ಯಾಕಿನಲ್ಲೇ ಹೋಗುತ್ತದೆ.

ದನಿ ಸರಿ ಬರದಿದ್ದರೆ

ದನಿ ತುಂಡುತುಂಡಾಗುವುದು ಹೆಚ್ಚಾಗಿ ಅಪ್‌ಲೋಡ್ ತುಂಬಿಹೋದಾಗ. ಮನೆಯ ಸಿಸಿಟಿವಿ ದೂರದ ಸರ್ವರಿಗೆ ವಿಡಿಯೊ ಕಳಿಸುತ್ತಿದ್ದರೆ, ಮೊಬೈಲ್ ಫೋಟೊಗಳ ಬ್ಯಾಕಪ್ ನಡೆದಿದ್ದರೆ ಹೀಗಾಗುತ್ತದೆ. ಅವನ್ನು ನಿಲ್ಲಿಸಿ ನೋಡಿ. ಕಂಪನಿಯ ಡಬ್ಬಿಯ ಫೋನ್ ಕಿಂಡಿಗೆ ಸಾಮಾನ್ಯವಾಗಿ ಬೇರೆ ದಾರಿ ಮೀಸಲಿರುವುದರಿಂದ ಈ ತೊಂದರೆ ಆ್ಯಪ್ ಕರೆಗಳಲ್ಲೇ ಜಾಸ್ತಿ. ಪಿಂಗ್ ಪರೀಕ್ಷೆಯಲ್ಲಿ (ಇಂಟರ್ನೆಟ್ಟಿಗೆ ಸಣ್ಣ ಸಂದೇಶ ಕಳಿಸಿ, ವಾಪಸ್ ಬರುವ ಸಮಯ ಅಳೆಯುವುದು) 100 ಪ್ಯಾಕೆಟ್ಟಿಗೆ ಒಂದಕ್ಕಿಂತ ಹೆಚ್ಚು ಕಳೆದರೆ, ಅಥವಾ ಸಮಯ ಒಂದೊಂದು ಸಲಕ್ಕೆ 30 ಮಿಲಿಸೆಕೆಂಡಿಗಿಂತ ಹೆಚ್ಚು ಹೊಯ್ದಾಡಿದರೆ ದೂರು ಕೊಡಲು ಕಾರಣವಿದೆ. ಹೋಗುವ ದಾರಿಯೊಂದಕ್ಕೇ 150 ಮಿಲಿಸೆಕೆಂಡ್ ದಾಟಿದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ನಿಲ್ಲಿಸುವ ಗೋಳು ಶುರು.

‘ಅವರ ದನಿ ನಮಗ ಕೇಳ್ತದ, ನಮ್ದು ಅವರಿಗಿ ಕೇಳ್ವಲ್ದು’ ಎನ್ನುವ ಒಂದು ಕಡೆಯ ದನಿ ಇನ್ನೊಂದು ರೋಗ. ಸಿಪ್ ಆ್ಯಪ್ (ಇಂಟರ್ನೆಟ್ ಮೂಲಕ ಫೋನ್ ಕರೆ ಮಾಡಿಸುವ ಆ್ಯಪ್) ಬಳಸುವವರು ರೂಟರಿನಲ್ಲಿ ‘ಸಿಪ್ ಎಎಲ್‌ಜಿ’ ಎಂಬುದನ್ನು ಆಫ್ ಮಾಡಿ. ಸಹಾಯ ಮಾಡಲು ಇಟ್ಟ ಆ ಸೌಲಭ್ಯವೇ ವಿಳಾಸಗಳನ್ನು ತಪ್ಪಾಗಿ ತಿದ್ದಿ ದನಿಯನ್ನು ದಾರಿ ತಪ್ಪಿಸುತ್ತದೆ. ಒಳಬರುವ ಕರೆ ಕೆಲ ಹೊತ್ತಿನ ಮೇಲೆ ಬರುವುದೇ ನಿಂತರೆ ಆ್ಯಪು ಸಂಪರ್ಕ ಜೀವಂತ ಇರಿಸಲು ಆಗಾಗ ಸಂದೇಶ ಕಳಿಸುವ ‘ಕೀಪ್-ಅಲೈವ್’ ಸಮಯವನ್ನು 30 ಸೆಕೆಂಡಿಗೆ ಇಳಿಸಿ, ಮೊಬೈಲಿನ ಬ್ಯಾಟರಿ ಉಳಿತಾಯ ಪಟ್ಟಿಯಿಂದ ಆ ಆ್ಯಪನ್ನು ಹೊರಗಿಡಿ.

ಕಂಪನಿಯ ಡಬ್ಬಿ ತೆಗೆದು ನಿಮ್ಮದೇ ಹಾಕಿದರೆ ಇಂಟರ್ನೆಟ್ ಬರಬಹುದು, ಫೋನ್ ಬರುವುದಿಲ್ಲ. ವಾಯ್ಸ್ ಖಾತೆಯ ಗುಪ್ತಪದ ಆ ಡಬ್ಬಿಯೊಳಗೇ ಇರುತ್ತದೆ. ನಿಮ್ಮ ರೂಟರ್ ಬೇಕೆಂದರೆ ಅದರ ಹಿಂದೆ ಜೋಡಿಸಿ.

ಕರೆ ಮಾಡಿದವರ ನಂಬರ್ ತೋರಿಸದಿದ್ದರೆ ಫೋನ್ ಹಾಳಾಗಿಲ್ಲ. ನಂಬರ್ ಕಳಿಸುವ ಪದ್ಧತಿ ಎರಡು, ಡಿಟಿಎಂಎಫ್ ಮತ್ತು ಎಫ್‌ಎಸ್‌ಕೆ. ಎರಡನ್ನೂ ಓದುವ ಫೋನ್ ತನ್ನಿ. ಫ್ಯಾಕ್ಸ್, ಡಯಲ್-ಅಪ್ ಕಾರ್ಡ್ ಮಷಿನ್, ಹಳೆ ಕಳ್ಳಗಂಟೆ ಈ ಲೈನಿನಲ್ಲಿ ನಂಬುವಂತಿಲ್ಲ. ಕೆಂಪು ಎಲ್‌ಒಎಸ್ ದೀಪ ಹತ್ತಿದರೆ ಗಾಜಿನ ಎಳೆ ತುಂಡಾಗಿದೆ ಅಥವಾ ಕನೆಕ್ಟರ್ ಕಳಚಿದೆ. ದೀಪ ಸರಿ ಇದ್ದೂ ದಿನಕ್ಕೆರಡು ಸಲ ಲೈನ್ ಹೋಗುತ್ತಿದ್ದರೆ ಬ್ರೌಸರಿನಲ್ಲಿ ತೆರೆಯುವ ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ‘ಆರ್‌ಎಕ್ಸ್ ಪವರ್’ (ಡಬ್ಬಿಗೆ ಬಂದು ತಲುಪುವ ಬೆಳಕಿನ ಬಲ) ನೋಡಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳ್ಳೆಯದು, ಮೈನಸ್ 27ಕ್ಕೆ ಇಳಿದಿದ್ದರೆ ಎಲ್ಲೋ ಜೋಡಣೆ ಹಾಳಾಗಿದೆ. ಈ ಅಂಕಿ ಹೇಳಿ ದೂರು ಕೊಟ್ಟರೆ ‘ರೀಸ್ಟಾರ್ಟ್ ಮಾಡಿ ನೋಡಿ’ ಎಂಬ ಉತ್ತರ ಬರುವುದಿಲ್ಲ.

ಹೊರದೇಶದ ಕರೆ, ಮತ್ತು ತೊಂದರೆಗೆ ಸಿಗಿಸುವ ಡಬ್ಬಿಗಳು

ಫೈಬರ್ ಪ್ಲಾನಿನ ‘ಅನ್‌ಲಿಮಿಟೆಡ್’ ದೇಶದೊಳಗೆ ಮಾತ್ರ. ದುಬೈ, ರಿಯಾದ್, ಅಮೆರಿಕದಲ್ಲಿ ಮಕ್ಕಳಿರುವ ಮನೆಯವರು ಲ್ಯಾಂಡ್‌ಲೈನಿನಿಂದ ಐಎಸ್‌ಡಿ ಹಚ್ಚಬೇಡಿ, ಐಎಸ್‌ಡಿಯನ್ನು ಬಂದ್ ಮಾಡಿಸಿಯೇ ಇಡಿ. ಆ್ಯಪಿನಿಂದ ಆ್ಯಪಿಗೆ ಕರೆ ಸಾಕು. ದುಬೈ, ಅಬುಧಾಬಿ, ಶಾರ್ಜಾದಲ್ಲಿ ವಾಟ್ಸ್‌ಆ್ಯಪ್ ಕರೆಗೆ ತಡೆ ಇದೆ. ಚಾಟ್ ಹೋಗುತ್ತದೆ, ಕರೆ ಜೋಡಣೆಯಾಗುವುದಿಲ್ಲ. ಅಲ್ಲಿ ಅನುಮತಿ ಇರುವ ಬೋಟಿಮ್ ಆ್ಯಪನ್ನು ಎರಡೂ ಕಡೆ ಹಾಕಿಕೊಳ್ಳಬೇಕು. ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿತು, ಹಳೆ ಸಲಹೆಗಳಲ್ಲಿ ಅದರ ಹೆಸರು ಕಂಡರೆ ಬಿಡಿ.

ಅಮೆರಿಕದಿಂದ ಇಂಟರ್ನೆಟ್ ಫೋನ್ ಡಬ್ಬಿ ತಂದು ಇಲ್ಲಿ ಹಚ್ಚುವ ಯೋಚನೆ ಬೇಡ. ಭಾರತದ ಲೈಸೆನ್ಸ್ ಇಲ್ಲದ ಸೇವೆಯಿಂದ ಇಲ್ಲಿನ ಲ್ಯಾಂಡ್‌ಲೈನ್, ಮೊಬೈಲಿಗೆ ಕರೆ ಹಾಯಿಸುವುದು ಕಾನೂನಿಗೆ ಹೊರಗು. ಲೈಸೆನ್ಸ್ ಇರುವ ಕಂಪನಿಗಳಿಗೆ ಇಂಟರ್ನೆಟ್ ಟೆಲಿಫೋನಿ ಅನುಮತಿ 2018ರಲ್ಲಿ ಸಿಕ್ಕಿತು, ಅವುಗಳ ಸೇವೆಯೇ ಸಾಕು. ಜೊತೆಗೆ, ಅಲ್ಲಿನ ಅಡಾಪ್ಟರಿನ ಮೇಲೆ ಇನ್‌ಪುಟ್ 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230ಕ್ಕೆ ಹಾಕಿದ ಕೂಡಲೇ ಸುಡುತ್ತದೆ.

ಇದಕ್ಕಿಂತ ಕೆಟ್ಟದ್ದು: ‘ನಿಮ್ಮ ಮನೆಯಲ್ಲಿ ಒಂದು ಡಬ್ಬಿ ಇಡ್ತೀವಿ, ಇಂಟರ್ನೆಟ್ ನಿಮ್ಮದು, ತಿಂಗಳ ಬಾಡಿಗೆ ನಮ್ಮದು’ ಎಂದು ಬರುವವರು. ಹತ್ತಾರು ಸಿಮ್ ಕಾರ್ಡ್ ತುಂಬಿದ ಆ ಡಬ್ಬಿ ಹೊರದೇಶದ ಕರೆಗಳನ್ನು ಸ್ಥಳೀಯ ಕರೆಯಂತೆ ತೋರಿಸುವ ಸಿಮ್ ಬಾಕ್ಸ್. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅನುಮತಿ ಇಲ್ಲದೆ ಸೇವೆ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಅಥವಾ 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಂಟರ್ನೆಟ್ ನಿಮ್ಮ ಹೆಸರಿನಲ್ಲಿದ್ದರೆ ಪೊಲೀಸರು ಮೊದಲು ತಟ್ಟುವುದು ನಿಮ್ಮ ಬಾಗಿಲನ್ನೇ.

ಹಳೆ ಲೈನ್ ಬಂದ್ ಮಾಡಿಸುವುದು

ಹೊಸ ಲೈನ್ ಬಂದ ದಿನವೇ ಹಳೆಯದನ್ನು ತೆಗೆಸಬೇಡಿ. ಒಂದು ಬಿಲ್ಲಿನ ಅವಧಿ ಎರಡೂ ಇರಲಿ (ಅಲ್ಲಿಯವರೆಗೆ ಹೊಸ ಫೋನು ನೇರ ಡಬ್ಬಿಯಲ್ಲೇ ಇರಲಿ, ರೋಸೆಟ್ ಬಿಚ್ಚಿ ಗೋಡೆಯ ತಂತಿಗೆ ಸೇರಿಸುವುದು ಆಮೇಲೆ), ಅಷ್ಟರಲ್ಲಿ ಕರೆಂಟ್ ಹೋದಾಗ, ಮಳೆ ಬಂದಾಗ ಹೊಸದು ಹೇಗಿದೆ ಎಂದು ತಿಳಿಯುತ್ತದೆ. ನಂಬರ್ ಬದಲಾಗಿದ್ದರೆ ಈ ಅವಧಿಯಲ್ಲಿ ಹಳೆ ನಂಬರಿಗೆ ಬಂದವರಿಗೆಲ್ಲ ಹೊಸದನ್ನು ಹೇಳಿ. ಅಂಗಡಿ, ದವಾಖಾನೆಯವರು ಫಲಕ, ರಸೀದಿ ಪುಸ್ತಕ, ಗೂಗಲ್ ಮ್ಯಾಪ್ ಮೂರರಲ್ಲೂ ತಿದ್ದಿ.

ಆಮೇಲೆ ಗ್ರಾಹಕ ಸೇವಾ ಕೇಂದ್ರಕ್ಕೆ ಲಿಖಿತ ಅರ್ಜಿ. ಜೊತೆಗೆ ಕೊನೆಯ ಬಿಲ್ ಕಟ್ಟಿದ ರಸೀದಿ, ಗುರುತಿನ ಚೀಟಿಯ ಪ್ರತಿ, ಠೇವಣಿ ವಾಪಸ್ ಬರಬೇಕಾದ ಬ್ಯಾಂಕ್ ಖಾತೆಯ ವಿವರ. ಕಂಪನಿಯ ಮೋಡೆಮ್ ಇದ್ದರೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಬರಹದಲ್ಲಿ ಸ್ವೀಕೃತಿ ಪಡೆಯಿರಿ. ಫೋನ್ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಮರಣ ಪ್ರಮಾಣಪತ್ರ ಮತ್ತು ವಾರಸುದಾರರ ಅರ್ಜಿ ಬೇಕಾಗುತ್ತದೆ. ನಂಬರ್ ಉಳಿಸಿಕೊಂಡು ಫೈಬರಿಗೆ ಹೋಗುವವರು ಈ ಹೆಸರು ಬದಲಾವಣೆಯನ್ನು ಪರಿವರ್ತನೆಯ ಅರ್ಜಿಗೂ ಮೊದಲೇ ಮುಗಿಸಿಕೊಳ್ಳಬೇಕು.